ದೀಪಸ್ತಂಭದ ಬೀಗ ಮತ್ತು ಇಬ್ಬರು ಮಾಮಂದಿರು

ಹುಮನಾಬಾದಿನಲ್ಲಿ ಕಂಪ್ಯೂಟರ್ ಇದ್ದ ಕೋಣೆಗೆ ಹೊರಗೆ ಚಪ್ಪಲಿ ಬಿಟ್ಟೇ ಹೋಗುತ್ತಿದ್ದ ಕಾಲ ಅದು. ನನ್ನ ಅವ್ವನ ತವರುಮನೆ ಅಲ್ಲಿತ್ತು. ಸಣ್ಣ ಮಾಮಾ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಇದ್ದದ್ದು ಒಂದೇ ಕಂಪ್ಯೂಟರ್. ಅದಕ್ಕೆ ಮಾಮಿ ಹೊಲಿದ ಹೂವಿನ ಬಟ್ಟೆಯ ಮುಸುಕು. ಪರೀಕ್ಷೆ ಮುಗಿದ ಕೂಡಲೇ ಬಸವಕಲ್ಯಾಣದಲ್ಲಿ ನನ್ನನ್ನು ಬಸ್ಸು ಹತ್ತಿಸುತ್ತಿದ್ದರು. ಆ ಕೋಣೆಯನ್ನು ನೆನೆದರೆ ಈಗಲೂ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ, ಊದುಬತ್ತಿಯ ಹೊಗೆ, ಒಳಗೆ ಮಾಮಿ ಹುರಿಯುತ್ತಿದ್ದ ಶೇಂಗಾದ ಘಮ ಎಲ್ಲ ಒಟ್ಟಿಗೆ ಬರುತ್ತವೆ.

ಹೈದರಾಬಾದಿನಿಂದ ತಂದ ಆ ಹಳೆಯ ಕಂಪ್ಯೂಟರಿನ ಜೊತೆ ಒಂದು ಆಟದ ಸಿ.ಡಿ. ಬಂದಿತ್ತು. ಮಧ್ಯಾಹ್ನ ಕ್ಲಾಸಿಗೆ ಯಾರೂ ಬಾರದ ಹೊತ್ತಿನಲ್ಲಿ ನಾನೂ ಮಾಮಾನ ಮಗಳು ಗಿರಿಜಕ್ಕನೂ ಅದನ್ನು ಹಾಕಿ ಕೂರುತ್ತಿದ್ದೆವು. ಉದ್ದ ಕೋಟಿನ ಒಬ್ಬ ಮನುಷ್ಯ ಸಮುದ್ರದ ದಂಡೆಯ ಊರಿಗೆ ದೋಣಿಯಲ್ಲಿ ಬಂದಿಳಿಯುತ್ತಾನೆ. ಯಾಕೆ ಬಂದ ಎಂದು ಆಟ ಹೇಳುತ್ತಿತ್ತು, ಆದರೆ ಇಂಗ್ಲಿಷಿನಲ್ಲಿ. ನಮ್ಮದು ಕನ್ನಡ ಶಾಲೆಯ ಇಂಗ್ಲಿಷು. ಅವನು ಪೊಲೀಸ್ ಎಂದು ಗಿರಿಜಕ್ಕ. ಕಳೆದುಹೋದ ಅಪ್ಪನನ್ನು ಹುಡುಕಿ ಬಂದ ಮಗ ಎಂದು ನಾನು. ಒಂದೇ ಕುರ್ಚಿಯಲ್ಲಿ ಕುಳಿತು ನಾವಿಬ್ಬರೂ ಇಡೀ ಬೇಸಿಗೆ ಬೇರೆ ಬೇರೆ ಆಟ ಆಡಿದೆವು.

ಕಾರು ಓಡಿಸುವ ಆಟ, ಗುಂಡು ಹಾರಿಸುವ ಆಟಗಳಲ್ಲಿ ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಸಾಯುತ್ತಿದ್ದೆ. ಇದರಲ್ಲಿ ಯಾರೂ ಸಾಯುತ್ತಿರಲಿಲ್ಲ, ಯಾವ ಅವಸರವೂ ಇರಲಿಲ್ಲ. ಚುರಮುರಿ ಮುಕ್ಕುತ್ತ ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದಿತ್ತು. ಅಷ್ಟು ಹೊತ್ತೂ ಸಮುದ್ರ ಸದ್ದು ಮಾಡುತ್ತಿತ್ತು, ಆ ಮನುಷ್ಯ ಕಾಯುತ್ತ ನಿಂತಿರುತ್ತಿದ್ದ. ಕಂಡದ್ದನ್ನೆಲ್ಲ ಎತ್ತಿ ಕಿಸೆಗೆ ಹಾಕಿಕೊಳ್ಳಬೇಕು, ಕಂಡವರನ್ನೆಲ್ಲ ಮಾತಾಡಿಸಬೇಕು, ಅಷ್ಟೇ ಕೆಲಸ. ಆದರೆ ಯಾವ ವಸ್ತು ಯಾವುದಕ್ಕೆ ಎಂಬುದು ಆಟ ಮಾಡಿದವನ ತಲೆಯಲ್ಲಿ ಇದ್ದಂತೆಯೇ ಆಗಬೇಕು. ನಮ್ಮ ತಲೆಗೆ ಅಲ್ಲಿ ಬೆಲೆಯಿಲ್ಲ.

ದೀಪಸ್ತಂಭದ ಬಾಗಿಲಲ್ಲಿ ನಾವು ಸಿಕ್ಕಿಬಿದ್ದೆವು. ದೊಡ್ಡ ಬೀಗ. ಏನು ಮಾಡಿದರೂ ಆ ಮನುಷ್ಯ ಆಗದೆಂದು ತಲೆಯಾಡಿಸುತ್ತಿದ್ದ.

"ಕೈಯಾಗ ಕಬ್ಬಿಣದ ಹಾರಿ ಐತಿ, ಬಾಗಿಲಾ ಕಟ್ಟಿಗೀದು. ಒಡಿಯಾಕ ಏನ್ ಧಾಡಿ ಇವಗ?" ಎಂದು ಗಿರಿಜಕ್ಕ ಮೌಸ್ ಕುಕ್ಕಿದಳು.

ಅಷ್ಟರಲ್ಲಿ ಕರೆಂಟ್ ಹೋಗುವುದು, ಉಳಿಸದೆ ಇದ್ದದ್ದೆಲ್ಲ ಮತ್ತೆ ಮೊದಲಿನಿಂದ. ಕೊನೆಗೆ ಬೇಸತ್ತು ಕಿಸೆಯಲ್ಲಿದ್ದ ಒಂದೊಂದನ್ನೇ ಬೀಗಕ್ಕೆ ತಾಗಿಸುತ್ತ ಹೋದೆವು. ಜೇನುತುಪ್ಪದ ಬಾಟಲಿ ತಾಗಿಸಿದ್ದೇ ತಡ, ಎಲ್ಲಿಂದಲೋ ಒಂದು ಕರಡಿ ಬಂದು ಬೀಗವನ್ನು ನೆಕ್ಕಿ ನೆಕ್ಕಿ ಕಿತ್ತೇಹಾಕಿತು.

"ಸಮುದ್ರದ ದಂಡಿಗಿ ಕರಡಿ ಹ್ಯಾಂಗ ಬಂತಕ್ಕಾ?"

"ಬಂತಲ್ಲ, ಬಿಡು."

ನನಗೆ ಮಾತ್ರ ಅದು ಬಿಡಲಾಗಲಿಲ್ಲ. ಎಲ್ಲರನ್ನೂ ಕೇಳಿ, ಎಲ್ಲವನ್ನೂ ಎತ್ತಿಟ್ಟುಕೊಂಡು, ಒಂದೊಂದಾಗಿ ತಾಗಿಸಿ ನೋಡಿದರೆ ಯಾವ ಬೀಗವೂ ಬಿಚ್ಚುತ್ತದೆ ಎಂದು ತಲೆಗೆ ಹೊಕ್ಕಿತು. ಆ ಮನೆಯಲ್ಲೂ ಒಂದು ಬೀಗ ಇತ್ತು. ಅಂಗಳದ ನಡುವೆ ಎದೆಮಟ್ಟದ ಗೋಡೆ. ಆಚೆ, ಬಾಜಾರಿನಲ್ಲಿ ಕಿರಾಣಿ ಅಂಗಡಿಯಿದ್ದ ದೊಡ್ಡ ಮಾಮಾ, ಈಚೆ ಸಣ್ಣ ಮಾಮಾ. ಒಡಹುಟ್ಟಿದ ಅಣ್ಣತಮ್ಮಂದಿರಿಗೆ ವರ್ಷಗಳಿಂದ ಮಾತಿರಲಿಲ್ಲ. ಗೋಡೆಯ ತುದಿಯಲ್ಲಿ ಅವರಿಬ್ಬರ ತಾಯಿ, ನನ್ನ ಆಯಿಗಾಗಿ ಬಿಟ್ಟ, ಒಬ್ಬರು ದಾಟುವಷ್ಟು ಅಗಲದ ಒಂದು ಕಿಂಡಿಯಿತ್ತು. ಬೆಳಿಗ್ಗೆ ಈ ಕಡೆ ರೊಟ್ಟಿ ತಿಂದು ಸಂಜೆ ಆ ಕಡೆ ಉಣ್ಣುತ್ತಿದ್ದ ಆಯಿ, ನಳದಲ್ಲಿ ನೀರು ಬಂದ ಸುದ್ದಿಯನ್ನೂ ತಾನೇ ದಾಟಿಸುತ್ತಿದ್ದಳು.

ನಾನು ಕೇಳತೊಡಗಿದೆ. "ಮನ್ನಾಏಖೇಳ್ಳಿ ಊರಾಗಿನ ಮದುವ್ಯಾಗ ದೊಡ್ಡವರಿಗಿ ಬಿಟ್ಟು ನಮ್ಮವರಿಗಿ ಮೊದಲ ತಲಿಗಿ ಪಟಕಾ ಸುತ್ತಿದ್ರು, ಅದಕ್ಕ ಸಿಟ್ಟು" ಎಂದರು ಮಾಮಿ. ಆಚೆಯ ದೊಡ್ಡ ಮಾಮಿ, "ನಿಮ್ಮ ಸಣ್ಣ ಮಾಮಾ ಹಿತ್ತಲದಾಗಿನ ಬೇವಿನ ಗಿಡ ಕೇಳಲಾರದ ಕಡದ್ರು" ಎಂದರು. "ಆಟ ಆಡು ಹೋಗು" ಎಂದರು ಸಣ್ಣ ಮಾಮಾ. ಆಯಿ ನನ್ನನ್ನು ಹತ್ತಿರ ಕೂರಿಸಿಕೊಂಡಳು. "ಇಬ್ಬರನ್ನೂ ಹಡದಾಕಿ ನಾನು. ನನಗೇ ತಿಳೀವಲ್ದವ್ವ."

ಕೇಳಿದಷ್ಟೂ ಗೊಂದಲ ಹೆಚ್ಚಾಯಿತು. ಆಗ ನಾನು ಸಣ್ಣ ಮಾಮಾನ ಅಟ್ಟ ಹತ್ತಿದೆ. ತುಕ್ಕು ಹಿಡಿದ ಕೀಲಿಕೈ, ಬ್ಯಾಟರಿಯ ಮುಚ್ಚಳ, ಸೈಕಲ್ ಗಂಟೆ ಸಿಕ್ಕವು. ಉಡಿಯಲ್ಲಿ ಕಟ್ಟಿಕೊಂಡು ಕಿಂಡಿ ದಾಟಿ, ಕಟ್ಟೆಯ ಮೇಲೆ ಕುಳಿತಿದ್ದ ದೊಡ್ಡ ಮಾಮಾನ ಮುಂದೆ ಒಂದೊಂದಾಗಿ ಇಟ್ಟೆ. ಇಟ್ಟು, ಏನಾದರೂ ಹೇಳುತ್ತಾರೇನೋ ಎಂದು ಕಾದೆ.

"ಏನವ್ವಾ, ಮುರಕಾ ಸಾಮಾನಿನ ಭಂಗಾರದ ಅಂಗಡಿ ಇಟ್ಟೀಯೇನು?" ಎಂದು ನಕ್ಕರು.

ಗಂಟೆಯನ್ನು ಇಟ್ಟಾಗ ನಗು ನಿಂತಿತು. ಧೋತರದ ಚುಂಗಿನಿಂದ ಅದನ್ನು ಒರೆಸಿ ಒಮ್ಮೆ ಬಾರಿಸಿದರು.

"ಇದು ಎಲ್ಲಿ ಸಿಕ್ತು?"

"ಸಣ್ಣ ಮಾಮಾನ ಅಟ್ಟದ ಮ್ಯಾಲ."

ಅವರ ಮುಖದಲ್ಲಿ ಆದದ್ದು ಏನೆಂದು ನನಗೆ ತಿಳಿಯಲಿಲ್ಲ. ಎದ್ದವರೇ ಕಿಂಡಿ ದಾಟಿ ನಡೆದರು. ಕಂಪ್ಯೂಟರ್ ಕೋಣೆಯ ಮುಂದೆ ಅಷ್ಟು ಸಿಟ್ಟಿನಲ್ಲೂ ಚಪ್ಪಲಿ ಬಿಟ್ಟು ಒಳಗೆ ಹೋದರು.

"ನನ್ನ ಸೈಕಲ್ ಗಂಟಿ ಕಳುವಾತು ಅಂದಿದ್ದಿ! ಅಪ್ಪನ ಕಡಿಂದ ನನಗ ಬಡಸಿದ್ದಿ!"

"ಸಣ್ಣವರಿದ್ದಾಗಿನ ಮಾತು ಈಗ ತಗೀತಿಯೇನು?" ಎಂದು ಸಣ್ಣ ಮಾಮಾನ ದನಿಯೂ ಏರಿತು. "ನೀ ನನಗ ಒಂದು ದಿನಾರ ಸೈಕಲ್ ಮುಟ್ಟಗೊಟ್ಟೀ?"

ಬೇವಿನ ಗಿಡದ ಮಾತು ಬಂತು, ಪಟಕಾದ ಮಾತು ಬಂತು, ನನಗೆ ಗೊತ್ತಿಲ್ಲದ ಇನ್ನೆಷ್ಟೋ ಬಂದವು. ಆಟವಾಗಿದ್ದರೆ ಹಿಂದೆ ಉಳಿಸಿಟ್ಟ ಜಾಗಕ್ಕೆ ಮರಳಬಹುದಿತ್ತು. ನಾನು ಅಳುತ್ತ ಆಯಿಯ ಹತ್ತಿರ ಓಡಿದೆ.

"ಆಯಿ, ಬಿಡಸು ಬಾ, ಜಗಳಾಡಾಕತ್ತಾರ!"

ಆಯಿ ಹೊಸ್ತಿಲ ಮೇಲೆ ಗದ್ದಕ್ಕೆ ಕೈಹಚ್ಚಿ ಕುಳಿತು ಕೇಳುತ್ತಿದ್ದಳು. ಕಣ್ಣು ತುಂಬಿದ್ದವು.

"ಸುಮ್ಮ ಕುಂದುರು" ಎಂದಳು. "ಮಾತಾಡಾಕತ್ತಾರಲ್ಲ. ಇಬ್ಬರ ದನಿ ಒಂದೇ ಖೋಲ್ಯಾಗ ಕೇಳಿ ಎಷ್ಟು ವರ್ಷ ಆತು."

ಗೆದ್ದೆನೋ ಸೋತೆನೋ ಗೊತ್ತಾಗಲಿಲ್ಲ. ಆಟದಲ್ಲಾದರೆ ಸರಿಯಾದದ್ದು ಮಾಡಿದಾಗ ಒಂದು ಸದ್ದು ಬರುತ್ತಿತ್ತು. ಇಲ್ಲಿ ಬಂದದ್ದು, ಸಂಜೆ ಗೋಡೆಯಾಚೆಯಿಂದ ದೊಡ್ಡ ಮಾಮಾನ ದನಿ: "ನಳಾ ಬಂದೈತಿ ನೋಡೋ." ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಆ ಸುದ್ದಿ ಆಯಿಯ ಬಾಯಿಂದ ಬರಲಿಲ್ಲ.

ಮರುದಿನ ಮಧ್ಯಾಹ್ನ ದೊಡ್ಡ ಮಾಮಾ ನಮ್ಮ ಹಿಂದೆ ಬಂದು ನಿಂತರು. ಪರದೆಯನ್ನು ದಿಟ್ಟಿಸಿ, "ಇಂವ ಯಾರು?" ಎಂದರು. ಪೊಲೀಸ್ ಎಂದಳು ಗಿರಿಜಕ್ಕ, ಮಗ ಎಂದೆ ನಾನು. "ಯಾರನ್ನೋ ಏನೋ ಕೇಳಾಕ ಬಂದಾನ. ನಾಚಿಕೊಂಡು ನಿಂತಾನ" ಎಂದು ಹೇಳಿ ಹೋದರು. ಆಟ ಇನ್ನಷ್ಟು ತಿಳಿಯದಾಯಿತು.

ದೀಪಸ್ತಂಭದ ಮೇಲೆ ಹತ್ತಿದೆವು, ಆದರೆ ದೀಪ ಹಚ್ಚಲಾಗಲಿಲ್ಲ. ಶಾಲೆ ಶುರುವಾಗುವವರೆಗೂ ಒದ್ದಾಡಿದೆವು. ಮೊದಲ ದೃಶ್ಯದ ದೋಣಿಯಲ್ಲೇ ಬತ್ತಿಯನ್ನು ಎತ್ತಿಕೊಳ್ಳಬೇಕಿತ್ತಂತೆ, ದೋಣಿ ಹೋದ ಮೇಲೆ ಅಲ್ಲಿಂದ ಮುಂದೆ ದಾರಿಯೇ ಇಲ್ಲವಂತೆ. ಇಷ್ಟು ವರ್ಷದ ಮೇಲೆ, ಯಾರೋ ಆ ಆಟವನ್ನು ಆಡಿ ತೋರಿಸಿದ ವಿಡಿಯೊ ನೋಡಿದಾಗ ಇದು ತಿಳಿಯಿತು. ಅವರು ಎಲ್ಲೂ ನಿಲ್ಲದೆ ಒಂದೇ ಉಸಿರಿನಲ್ಲಿ ಮುಗಿಸಿದರು. ಕೋಟಿನ ಮನುಷ್ಯ ಪೊಲೀಸನೂ ಅಲ್ಲ, ಮಗನೂ ಅಲ್ಲ, ವಿಮೆಯ ಏಜೆಂಟ್. ಉದಗೀರದಲ್ಲಿರುವ ಗಿರಿಜಕ್ಕನಿಗೆ ಫೋನ್ ಮಾಡಿ ಹೇಳಿದೆ. "ಸುಳ್ಳದು" ಎಂದಳು. ನನಗೂ ಹಾಗೆಯೇ ಅನಿಸಿತು.

ಈಗ ನನ್ನ ಮಗ ಆಟದಲ್ಲಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಮೊಬೈಲಿನಲ್ಲಿ ಉತ್ತರ ನೋಡಿ ಮುಂದೆ ಹೋಗುತ್ತಾನೆ. ಪಕ್ಕದಲ್ಲಿ ಕುಳಿತು ತಪ್ಪು ಉತ್ತರ ಹೇಳುವವರು ಅವನಿಗೆ ಬೇಕಾಗಿಲ್ಲ.

ಆ ಗೋಡೆ ಬಿದ್ದು, ಎರಡೂ ಪಾಲು ಸೇರಿ ಬಾಡಿಗೆಯ ಮನೆಗಳು ಎದ್ದಿವೆ. ಆಯಿ ಹೋದಳು, ದೊಡ್ಡ ಮಾಮಾ ಹೋದರು, ಮಾಮಿಯಂದಿರೂ ಇಲ್ಲ. ಹೋದ ಸಲ ಸಣ್ಣ ಮಾಮಾನನ್ನು ಕೇಳಿಯೇ ಬಿಟ್ಟೆ. "ಮಾಮಾ, ಖರೇ ಹೇಳ್ರಿ, ನೀವಿಬ್ಬರು ಮಾತು ಬಿಟ್ಟದ್ದು ಯಾಕ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಾವು ಯಾವಾಗ ಮಾತು ಬಿಟ್ಟಿದ್ವಿ?"

ಮರೆತಿದ್ದಾರೋ, ಮರೆತಂತೆ ಮಾಡುತ್ತಾರೋ, ತಿಳಿಯಲಿಲ್ಲ. ಇನ್ನೊಬ್ಬರನ್ನು ಕೇಳೋಣವೆಂದರೆ, ಆ ಮನೆಯ ಹಿರಿಯರಲ್ಲಿ ಇನ್ನೊಬ್ಬರು ಉಳಿದಿಲ್ಲ.