ಹುರಿದ ಹುಣಸೆ ಬೀಜ

ಮೊನ್ನೆ ಸೊಸೆ ಬಾಣಲೆಯಲ್ಲಿ ಹುಣಸೆ ಬೀಜ ಹುರಿಯುತ್ತಿದ್ದಳು. ಸಿಪ್ಪೆ ಸೀದ ಆ ವಾಸನೆಗೆ ಊಟ ಬಿಟ್ಟು ಎದ್ದು ಜಗಲಿಗೆ ಬಂದೆ. ಇಪ್ಪತ್ತೈದು ವರ್ಷದ ಮೇಲಾಯಿತು...

ತೊಂಬತ್ತರ ದಶಕದ ಕೊನೆ. ಬೂಕನಕೆರೆ ಕಡೆಯ ಒಂದು ಶಾಲೆಯಲ್ಲಿ ನಾನು ಜವಾನ. ತಪ್ಪದೆ ಬರುವ ಮಕ್ಕಳಿಗೆ ಸರ್ಕಾರ ತಿಂಗಳಿಗಿಷ್ಟು ಅಕ್ಕಿ ಕೊಡುತ್ತಿತ್ತು. ಅಕ್ಕಿ ಕೊಟ್ಟರೆ ಮಕ್ಕಳು ನಿಜವಾಗಿ ಶಾಲೆಗೆ ಬರುತ್ತಾರೆಯೇ ಎಂದು ನೋಡಿ ಪಿಎಚ್.ಡಿ. ಬರೆಯಲು ಮೈಸೂರಿನಿಂದ ಒಬ್ಬ ಮೇಡಂ ಬಂದರು. ಹಾಜರಿ ಪುಸ್ತಕ ನಂಬದೆ ತಾವೇ ಎಣಿಸಲು ನಿಂತರು. ತಾಯಂದಿರು ಜಗಳಕ್ಕೆ ಬಂದರು.

"ಮಕ್ಳ ತಲೆ ಎಣುಸ್ಬಾರ್ದು ಕಣವ್ವ, ಆಯಸ್ಸು ಕಮ್ಮಿಯಾಯ್ತದೆ. ಕುರಿ ಅಂದ್ಕಂಡ್ರಾ?"

ಮೇಡಂ ನಕ್ಕರು. ಮುಂದಿನ ವಾರ ಒಂದು ಚೀಲ ಹುಣಸೆ ಬೀಜ ತಂದರು. ಬಂದ ಮಗು ಚೀಲದಿಂದ ಒಂದು ಬೀಜ ತೆಗೆದು ಡಬ್ಬಕ್ಕೆ ಹಾಕಬೇಕು. ಅವರು ಮೈಸೂರಿಗೆ ಹಿಂದಿರುಗಿದ ಮೇಲೆ, ದಿನವೂ ಸಂಜೆ ಡಬ್ಬದ ಬೀಜವನ್ನು ಪೊಟ್ಟಣ ಕಟ್ಟಿ ತಾರೀಖು ಬರೆದಿಡುವುದು ನನ್ನ ಕೆಲಸ. "ನಿಮ್ಮನ್ನ ನಂಬಿದ್ದೀನಿ ಅಣ್ಣ" ಎಂದಿದ್ದರು.

ಕಬ್ಬು ಕಡಿಯುವ ಕಾಲಕ್ಕೆ ಅರ್ಧ ಶಾಲೆ ಗದ್ದೆಯಲ್ಲಿತ್ತು. ಪುಸ್ತಕದಲ್ಲಿ ಮಾತ್ರ ಎಲ್ಲರೂ ಹಾಜರು. ಹೆಡ್ಮಾಸ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಡಬ್ಬ ಪುಸ್ತಕಕ್ಕೆ ಸರಿಹೋಗ್ಬೇಕು ಕಣ್ಲಾ. ಇಲ್ದಿದ್ರೆ ಅಕ್ಕಿ ನಿಂತೋಯ್ತದೆ. ನಾನೂ ಮನೆಗೆ, ನೀನೂ ಮನೆಗೆ."

ಚೀಲದ ಬೀಜ ಬೇಗ ಇಳಿದರೆ ಮೇಡಂಗೆ ತಿಳಿದೀತೆಂದು ಹೆದರಿ, ಹೆಂಡತಿ ಹುರಿದಿಟ್ಟಿದ್ದ ಬೀಜವನ್ನು ಮನೆಯಿಂದ ತಂದೆ. ಕಪ್ಪಿಗೆ ಕಪ್ಪು, ಯಾರು ನೋಡುತ್ತಾರೆ ಎಂದುಕೊಂಡೆ. ಬಾರದ ಮಗುವಿಗೊಂದರಂತೆ ದಿನವೂ ಹಾಕಿದೆ...

ವರ್ಷದ ಕೊನೆಗೆ ಮೇಡಂ ಆ ಪೊಟ್ಟಣಗಳನ್ನು ತಮ್ಮ ಮಾರ್ಗದರ್ಶಕರ ಮೇಜಿನ ಮೇಲೆ ಬಿಚ್ಚಿದರಂತೆ. ಎರಡನೆಯ ದಿನವೇ ಮೇಡಂ ನಮ್ಮ ಶಾಲೆಯ ಜಗಲಿಯಲ್ಲಿದ್ದರು. ನನ್ನ ಮುಂದೆ ಅಂಗೈ ಬಿಡಿಸಿದರು. ಒಂದು ಹಸಿ ಬೀಜ, ಒಂದು ಹುರಿದದ್ದು.

"ಲೆಕ್ಕ ನಾನೇ ತಿದ್ದಿದ್ದೀನಿ ಅಂತಾರೆ ನಮ್ಮ ಸರ್, ಅಣ್ಣ. ಹುರಿದ ಬೀಜ ಹಾಕಿದ್ದು ಯಾರು ಅಂತ ಒಂದು ಸಾಲು ಬರೆದುಕೊಡಿ, ಸಾಕು. ಅದನ್ನ ಆರಿಸಿ ತೆಗೆದು ಉಳಿದಿದ್ದು ಎಣಿಸ್ತೀನಿ. ನಾಕು ವರ್ಷದ ಓದು ಇದು."

ಕಾಗದವನ್ನೂ ಪೆನ್ನನ್ನೂ ನನ್ನ ಕಡೆಗೆ ಸರಿಸಿದರು. ಒಳಗಿನಿಂದ ಹೆಡ್ಮಾಸ್ಟರು ಕೆಮ್ಮಿದರು.

"ಐಕ್ಳು ತಂದು ಆಕಿರ್ಬೇಕು ಕಣವ್ವ" ಎಂದೆ.

ನನ್ನ ಮುಖವನ್ನೇ ನೋಡುತ್ತ ಕೂತರು. ಅವರಿಗೆ ತಿಳಿದುಹೋಗಿತ್ತು. ನಾನು ಕಾಲಿನ ಹೆಬ್ಬೆರಳು ನೋಡಿಕೊಂಡೆ. ಆಮೇಲೆ ಕಾಗದ ಮಡಚಿಕೊಂಡು ಎದ್ದರು. ನೀರು ಕೊಟ್ಟೆ, ಕುಡಿಯಲಿಲ್ಲ. ಕೆ.ಆರ್. ಪೇಟೆ ಬಸ್ಸು ಹತ್ತಿದರು.

ಓದು ಅಲ್ಲಿಗೇ ನಿಂತಿತೆಂದು ಆಮೇಲೆ ಯಾರೋ ಹೇಳಿದರು. ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಹೆಡ್ಮಾಸ್ಟರೂ ತೀರಿಕೊಂಡರು. ಹೆದರಬೇಕಾದವರು ಯಾರೂ ಉಳಿದಿಲ್ಲ, ಕ್ಷಮೆ ಕೇಳಬೇಕಾದವರ ವಿಳಾಸವೂ ನನ್ನಲ್ಲಿಲ್ಲ.

ಸೊಸೆ ಬಟ್ಟಲು ತಂದಿಟ್ಟಳು. ಒಂದು ಬೀಜವನ್ನೂ ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ಅವರು ಕೇಳಿದ್ದು ಒಂದೇ ಸಾಲು. ಇವತ್ತು ಬರೆದಿದ್ದೇನೆ: ಹುರಿದ ಬೀಜ ಹಾಕಿದವನು ನಾನು.