ಬೇಲಿಯ ಗೌರಿ ಹೂ, ಇಲ್ಲದ ಬಾವಲಿ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಗೌರಿ ಹಬ್ಬದ ಹಿಂದಿನ ದಿನ, ಚೆನ್ನೈನ ಶೋಳಿಂಗನಲ್ಲೂರಿನ ನಮ್ಮ ಅಪಾರ್ಟ್‌ಮೆಂಟಿನ ಕನ್ನಡದವರ ವಾಟ್ಸಾಪ್ ಗುಂಪಿಗೆ ಕೆಳಮನೆ ಆಂಟಿಯ ದನಿಯಲ್ಲಿ ಒಂದು ವಾಯ್ಸ್ ಮೆಸೇಜ್ ಬಿಟ್ಟೆ: "ಕೇಳಿದ್ರೇನ್ರೀ, ಪಕ್ಕದ ಖಾಲಿ ಸೈಟಿನ ಬೇಲಿ ಮೇಲೆ ಗೌರಿ ಹೂ ಬಿಟ್ಟಿದೆ! ಥೇಟ್ ನಮ್ಮೂರಿಂದೇ ಕಣ್ರೀ!" ದನಿಗೆ ಎಲ್ಲರೂ ನಕ್ಕರು. ಸುದ್ದಿಯನ್ನು ಮಾತ್ರ ನಂಬಿದರು.

ಆಮೇಲೆ ಒಂದು ಬಾವಲಿ ನೆನಪಾಯಿತು. ಕಂಡವರ ದನಿ ತೆಗೆಯುವುದೇ ನನ್ನ ಹೊಟ್ಟೆಪಾಡು. ಹೋದ ವಾರವಷ್ಟೇ ಮಕ್ಕಳ ವಿಡಿಯೊ ಒಂದಕ್ಕೆ ಮಾರಿಷಸ್ಸಿನ ಪುಟ್ಟ ಹಣ್ಣುಬಾವಲಿಯ ದನಿ ಕೊಟ್ಟಿದ್ದೆ. ಆ ಜಾತಿ ಪೂರ್ತಿ ಅಳಿದುಹೋಗಿದೆ. ಹಳೇ ಮರದ ಪೊಟರೆಗಳಲ್ಲಿ ಗುಂಪಾಗಿ ಮಲಗುತ್ತಿದ್ದವಂತೆ. ಮರ ಗೊತ್ತಾದರೆ ಸಾಕು, ಕೊಬ್ಬಿಗಾಗಿ ಗುಂಪಿಗೆ ಗುಂಪನ್ನೇ ಹಿಡಿಯುತ್ತಿದ್ದರಂತೆ. ನಾನು ಕೀಚ್ ಅಂದದ್ದೇ ಸರಿಯಾಯಿತು. ತಪ್ಪು ಹಿಡಿಯಲು ಅದರ ದನಿ ಕೇಳಿದವರು ಯಾರಿದ್ದಾರೆ?

ಇಲ್ಲಿಯವರು ಸೆಂಗಾಂದಳ್ ಅನ್ನುವ ಈ ಬೆಂಕಿಬಣ್ಣದ ಹೂವಿಗಂತೂ ದನಿಯೇ ಇಲ್ಲ. ಗೆಡ್ಡೆ ಔಷಧಿಗಾಗುತ್ತದೆಂದು ಅಗೆದೂ ಅಗೆದೂ ಕಾಡಲ್ಲೇ ಅಪರೂಪವಾಗುತ್ತಿದೆ. ಬಾವಲಿಗೆ ರೆಕ್ಕೆಯಾದರೂ ಇತ್ತು. ಇದು ಅಗೆಯುವವರು ಬಂದರೂ ನಿಂತಲ್ಲೇ ನಿಂತಿರುತ್ತದೆ. ಆ ಬೇಲಿಯಲ್ಲಿದ್ದದ್ದು ಒಂದೇ ಬಳ್ಳಿ. ಅದರ ವಿಳಾಸ ಹಂಚಿದ ಮಹಾನುಭಾವ ನಾನು.

ಹಬ್ಬದ ಬೆಳಿಗ್ಗೆ ಹಲ್ಲೂ ಉಜ್ಜದೆ ಓಡಿದೆ. ಹೂ ಆಗಲೇ ಅರ್ಧ ಖಾಲಿ. ಬುಡದಲ್ಲಿ ಕೆಳಮನೆ ಆಂಟಿ, ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿ, ದೋಸೆ ಮಗುಚುವ ಕಬ್ಬಿಣದ ಕೈಯಿಂದ ಮಣ್ಣು ಕೆದಕುತ್ತಿದ್ದರು.

"ಆಂಟೀ, ಬೇಡ!"

"ಬಾಪ್ಪಾ, ನನ್ನ ಗಂಟಲು ಕದ್ದ ಕಳ್ಳ. ಗೆಡ್ಡೆ ನಮ್ಮ ಬಾಲ್ಕನಿ ಕುಂಡಕ್ಕೆ. ನಾನು ಬಿಟ್ರೆ ಇನ್ಯಾರೋ ಒಯ್ತಾರೆ."

"ಬಾವಲಿ ಹಿಡಿದೋರೂ ಹಿಂಗೇ ಅಂದಿರ್ತಾರೆ!" ಅಂದು, ಪೊಟರೆ, ಕೊಬ್ಬು, ನನ್ನ ಕೀಚು, ಎಲ್ಲ ಒಂದೇ ಉಸಿರಿಗೆ ಒದರಿದೆ. ಈ ದನಿ ಮಾತ್ರ ಯಾರಿಂದಲೂ ಕದ್ದದ್ದಲ್ಲ. "ಅದು ಹೋಯ್ತು, ಇದು ಇದೆ. ನಡುವೆ ಇರೋದು ನಿಮ್ಮ ಮಗುಚೋ ಕೈ ಒಂದೇ ಆಂಟಿ."

ಆಂಟಿ ಮಗುಚುವ ಕೈ ಪಕ್ಕಕ್ಕಿಟ್ಟರು. ಆಮೇಲೆ ಗೆಡ್ಡೆಯ ಮೇಲೆ ಮಣ್ಣು ಎಳೆದರು. ನನಗೆ ಆಗಲೂ ಸಮಾಧಾನವಿಲ್ಲ.

"ಉಳಿದೋರು? ಸಂಜೆವರೆಗೂ ಬರ್ತಾನೇ ಇರ್ತಾರೆ. ನೀವೇ ಒಂದು ಮಾತು ಹೇಳಿ."

ಅವರು ಕೈ ಕೊಡವಿಕೊಂಡು ಎದ್ದರು.

"ನಾನು ಹೇಳಿದ್ರೆ ಯಾರು ಕೇಳ್ತಾರೋ? ನನ್ನ ದನೀಲಿ ನೀನೇ ಹೇಳು, ಬೇಲಿ ಹತ್ರ ನಾಗರಹಾವಿದೆ ಅಂತ."