ಮೂವತ್ತೋ ಅರವತ್ತೋ

ಅಪ್ಪನ ಕಾರಿನ ಎಂಜಿನ್ ಬಿಚ್ಚಿಸಿದ್ದು ಹೋದ ವರ್ಷ. ಅದು ಎರಡೇ ಬಾಗಿಲಿನ, ಎಂಟು ಸಿಲಿಂಡರಿನ ಅಮೆರಿಕದ ಕಾರು. ಸಕಲೇಶಪುರದ ಕಡೆಯ ಕಾಫಿ ತೋಟದವರೊಬ್ಬರಿಂದ ಅಪ್ಪ ಕೊಂಡಿದ್ದರು. ಹಿಂದಿನ ಸೀಟಿಗೆ ಹೋಗಲು ಮದುವೆ ಹೆಣ್ಣು ಸೀರೆ ಎತ್ತಿ ಹಿಡಿದು ಬಗ್ಗಬೇಕಿತ್ತು. ಆದರೂ ನಮ್ಮೂರು ಅರಕಲಗೂಡಿನ ಸುತ್ತ ಮದುವೆಗಳಿಗೆ ಅದೇ ಬೇಕಾಗಿತ್ತು. ಅಪ್ಪ ಹೋದ ಮೇಲೆ ಚನ್ನರಾಯಪಟ್ಟಣದಲ್ಲಿ ತಮ್ಮನ ಕೊಬ್ಬರಿ ಗೋಡೌನಿನೊಳಗೆ ಸುಮ್ಮನೆ ನಿಂತಿತ್ತು.

ಹಾಸನದ ಮೇಸ್ತ್ರಿ ಅಪ್ಪನ ಕಾಲದಿಂದ ಅದನ್ನು ಬಲ್ಲವರು. ಸಿಲಿಂಡರುಗಳು ಸವೆದಿವೆ, ಕೊರೆಸಲೇಬೇಕು ಎಂದರು. ಇಂಚನ್ನು ಸಾವಿರ ಭಾಗ ಮಾಡಿ, ಅದರಲ್ಲಿ ಮೂವತ್ತು ಭಾಗದಷ್ಟು ತೆಗೆದರೆ ಸವೆತ ಹೋಗುತ್ತದೆ. ಅರವತ್ತು ತೆಗೆದರೆ ಎಂಜಿನ್ನೇ ಸ್ವಲ್ಪ ದೊಡ್ಡದಾಗುತ್ತದೆ.

"ಎಂಗೂ ಕೊರುಸ್ತೀವಿ, ದೊಡ್ಡದೇ ಮಾಡ್ಸವ ಕಣಕ್ಕ" ಎಂದ ತಮ್ಮ.

ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿ ನಿವೃತ್ತಳಾದವಳು. ಅಲ್ಲೇ ಕೂತು ಲೆಕ್ಕ ಹಾಕಿದೆ. "ನೂರಕ್ಕೆ ಮೂರು ಜಾಸ್ತಿ ಕಣೋ, ಅಷ್ಟೇ."

"ಮೂರಾದ್ರೂ ಜಾಸ್ತಿ ತಾನೆ?" ಎಂದವನು, ಅರವತ್ತರ ಅಳತೆಯ ಪಿಸ್ಟನ್ನುಗಳನ್ನು ಆಗಲೇ ತರಿಸಿಬಿಟ್ಟಿರುವುದನ್ನು ಮೆಲ್ಲಗೆ ಹೇಳಿದ. ನನಗೆ ಸಿಟ್ಟು ಬಂತು. ಕಾರು ಇಬ್ಬರದೂ ಹೌದಲ್ಲ.

ಮೇಸ್ತ್ರಿ ನಡುವೆ ಬಂದರು. "ಸಿಲಿಂಡರಿನ ಗ್ವಾಡೆ ಎಷ್ಟು ದಪ್ಪ ಉಳ್ಕಂಡದೆ ಅಂತ ನೋಡ್ದೆ ಕೊರುಸ್ಬ್ಯಾಡಿ. ತೂತಾದ್ರೆ ಸುತ್ತ ಇರೋ ನೀರು ಒಳಿಕ್ಕೆ ನುಗ್ತದೆ."

ದಪ್ಪ ಅಳೆಯುವ ಸಾಧನ ಅವರಲ್ಲಿರಲಿಲ್ಲ. ಅಕ್ಕಿ ಗಿರಣಿಗಳ ಬಾಯ್ಲರ್ ಪೈಪು ಪರೀಕ್ಷೆ ಮಾಡುವವರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಅವರನ್ನು ಹಾಸನಕ್ಕೆ ಕರೆದುಕೊಂಡು ಹೋದೆ. ಅವರು ಲೋಹಕ್ಕೆ ಅಂಟಿನಂಥದ್ದು ಸವರಿ, ಮೀಟರಿಗೆ ತಂತಿಯಿಂದ ಸೇರಿಸಿದ್ದ ಬೆರಳುದ್ದದ ಕಡ್ಡಿಯೊಂದನ್ನು ಒತ್ತಿ, ಒಂದೊಂದು ಸಿಲಿಂಡರಿನ ನಾಲ್ಕೂ ಕಡೆ ದಪ್ಪ ಅಳೆದರು. ಐದರವರೆಗೆ ಏನೂ ತೊಂದರೆಯಿರಲಿಲ್ಲ. ಆರನೆಯದರ ಒಂದು ಮಗ್ಗುಲು ಉಳಿದವುಗಳ ಅರ್ಧದಷ್ಟೂ ದಪ್ಪವಿರಲಿಲ್ಲ. ಎರಕ ಹೊಯ್ಯುವಾಗಲೇ ಅಚ್ಚು ಸರಿದಿರಬೇಕು ಎಂದರು.

"ಇನ್ನೊಂದ್ಸಲ ಇಡಿ ಸಾ" ಎಂದ ತಮ್ಮ. ಮೂರು ಸಲ ಇಟ್ಟರೂ ಅದೇ ಅಂಕಿ.

"ಅರವತ್ತು ತಗುದ್ರೂ ಓಡ್ತದೆ. ಬ್ಯಾಸ್ಗೇಲಿ ಕಾದು ಬಿರುಕು ಬುಟ್ರೆ ನನ್ನ ಕೇಳ್ಬ್ಯಾಡಿ" ಎಂದರು ಮೇಸ್ತ್ರಿ.

ತಮ್ಮ ಎದ್ದು ಹೊರಗೆ ಹೋಗಿ ಹಳೆ ಟೈರಿನ ಮೇಲೆ ಕೂತ. ನಾನೂ ಹೋದೆ. ಅವನೇ ಹೇಳಿದ: "ಅಪ್ಪ ಯಾವತ್ತೂ ನನ್ ಕೈಗೆ ಸ್ಟೇರಿಂಗ್ ಕೊಡ್ನಿಲ್ಲ. ಅದ್ರಲ್ಲಿ ನಾನು ಮಾಡ್ಸಿದ್ದು ಅಂತ ಏನಾರ ಇರ್ಲಿ ಅಂತಿತ್ತು."

ನನಗೆ ಕೊಟ್ಟಿದ್ದರು. ಮದುವೆಗೆ ಮುಂಚೆ ಕೊಣನೂರು ರಸ್ತೆಯಲ್ಲಿ ಪಕ್ಕ ಕೂತು ಕಲಿಸಿದ್ದರು. ಆಗ ತಮ್ಮ ಹಿಂದಿನ ಸೀಟಿನಲ್ಲಿರುತ್ತಿದ್ದ. ಇಷ್ಟು ವರ್ಷದಲ್ಲಿ ಅದನ್ನು ನಾನು ಅವನ ಕಡೆಯಿಂದ ಯೋಚಿಸಿರಲೇ ಇಲ್ಲ.

"ಎಷ್ಟು ಅಂತ ನೀನೇ ಹೇಳು. ನಾನು ಬ್ಯಾಡ ಅನ್ನಲ್ಲ" ಎಂದೆ. ಮನಸ್ಸಿನಿಂದಲೇ ಹೇಳಿದ್ದು.

ಅವನು ಒಳಗೆ ಹೋಗಿ ಆರನೆಯ ಸಿಲಿಂಡರಿನೊಳಗೆ ಬೆರಳಾಡಿಸಿ ನೋಡಿದ. "ಮೂವತ್ತೇ ಸಾಕು ಮೇಸ್ತ್ರಿ" ಎಂದ.

ತರಿಸಿದ್ದ ಪಿಸ್ಟನ್ನುಗಳನ್ನು ಮಾರಿದವರು ವಾಪಸು ತೆಗೆದುಕೊಳ್ಳಲಿಲ್ಲ. ಸರಿಯಾದವು ಬರಲು ಎರಡು ತಿಂಗಳು ಹಿಡಿಯಿತು. ಎಂಜಿನ್ ಕೂಡಿಸಿದ ದಿನ ತಮ್ಮನೇ ಹಾಸನದಿಂದ ಕಾರು ಹೊರಡಿಸಿದ, ನಾನು ಪಕ್ಕದಲ್ಲಿ ಕೂತೆ. ಶಾಂತಿಗ್ರಾಮ ದಾಟಿದ ಮೇಲೆ ಸ್ವಲ್ಪ ಜೋರಾಗಿ ಬಿಟ್ಟ. ಚನ್ನರಾಯಪಟ್ಟಣ ಬರುವವರೆಗೂ ಗಳಿಗೆಗೊಮ್ಮೆ ನೀರಿನ ಶಾಖ ತೋರಿಸುವ ಮುಳ್ಳನ್ನು ನೋಡುತ್ತಲೇ ಇದ್ದ. ಅದು ಅರ್ಧ ದಾಟಲಿಲ್ಲ.